ತುತ್ತು ಬಾಯಿ ಮುಟ್ಟಲು ಎಷ್ಟು ಡಿಗ್ರಿ?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ 5 ಕಿಲೋಗ್ರಾಂ ತರಕಾರಿಯ ಚೀಲವನ್ನು ನಾವು ಮೊಣಕೈ ಮಡಿಸಿ ಎತ್ತಿಹಿಡಿಯುತ್ತೇವೆ ಎನ್ನೋಣ. ಆಗ ಮುಂಗೈ ಒಂದು ಸನ್ನೆ. ಮೊಣಕೈ ಕೀಲೇ ಅದರ ಆಧಾರಬಿಂದು. ತೋಳಿನ ಮುಂಭಾಗದ ಸ್ನಾಯು ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ; ಹೊರೆಯಿರುವುದಾದರೋ ಸುಮಾರು 32 ಸೆಂಟಿಮೀಟರ್ ದೂರದಲ್ಲಿ. ಆದುದರಿಂದ ಸ್ನಾಯು ಎಂಟು ಪಟ್ಟು, ಎಂದರೆ 40 ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕಬೇಕು! ಈ ನಷ್ಟಕ್ಕೆ ಪ್ರತಿಫಲ ಚಲನೆ. ಸ್ನಾಯು 1 ಸೆಂಟಿಮೀಟರ್ ಕುಗ್ಗಿದರೆ ಕೈ ಸುಮಾರು 8 ಸೆಂಟಿಮೀಟರ್ ಮೇಲೇರುತ್ತದೆ.

ನೀಡಿದ ತೋಳನ್ನು ಸೊನ್ನೆಯೆಂದು ಎಣಿಸಿದರೆ, ಮೊಣಕೈ ಸುಮಾರು 145 ಡಿಗ್ರಿಗಳವರೆಗೆ ಮಡಿಯಬಲ್ಲದು. ನಿತ್ಯದ ಕೆಲಸಗಳಿಗೆ ಅಷ್ಟೂ ಬೇಕೆ? 1981ರಲ್ಲಿ ಅಮೆರಿಕದ ಮೋರಿ ಮತ್ತು ಸಂಗಡಿಗರು 33 ಮಂದಿಯ ಚಲನೆಯನ್ನು ಅಳೆದರು. ಉಣ್ಣುವುದು, ಬಾಗಿಲು ತೆರೆಯುವುದು ಮೊದಲಾದ ಬಹುಪಾಲು ಕೆಲಸಗಳಿಗೆ 30ರಿಂದ 130ರವರೆಗಿನ 100 ಡಿಗ್ರಿಗಳೇ ಸಾಕೆಂದು ಕಂಡುಬಂದಿತು. ಮೊಬೈಲ್ ಫೋನನ್ನು ಕಿವಿಗೆ ಹಿಡಿಯಲು ಇನ್ನೂ ಹೆಚ್ಚು ಮಡಿಕೆ ಬೇಕೆಂದು 2011ರ ಅಳತೆಗಳು ತಿಳಿಸಿದುವು.

ಮೂಳೆ ಮುರಿದು ವಾರಗಟ್ಟಲೆ ಪಟ್ಟಿಯಲ್ಲಿದ್ದ ಮೊಣಕೈ ಪೆಡಸಾಗುವುದುಂಟು. ಅದು 90 ಡಿಗ್ರಿಗೇ ನಿಂತುಬಿಟ್ಟರೆ ಚೀಲವನ್ನು ಹೊರಬಹುದು. ತುತ್ತು ಮಾತ್ರ ಬಾಯಿಯನ್ನು ಮುಟ್ಟದು. ಪಟ್ಟಿ ಬಿಚ್ಚಿದ ಬಳಿಕ ವೈದ್ಯರು ಹೇಳುವ ವ್ಯಾಯಾಮವನ್ನು ನಾವು ಬೇಸರದಿಂದ ಕೈಬಿಡಬಾರದು. ಅದು ಮರಳಿ ತರುವ ಕೆಲವೇ ಡಿಗ್ರಿಗಳು ನಮ್ಮ ಕೈಯಿಂದಲೇ ನಾವು ಉಣ್ಣುವ ಸ್ವಾತಂತ್ರ್ಯವನ್ನು ಉಳಿಸುತ್ತವೆ.