ಬಾಳಸಂಗಾತಿಗೆ ಬೈಪೋಲಾರ್ ಕಾಯಿಲೆ: ಮನೆಯವರು ತಿಳಿದಿರಬೇಕಾದದ್ದು



ನಿಮ್ಮ ಪತಿಗೆ ಅಥವಾ ಪತ್ನಿಗೆ ಬೈಪೋಲಾರ್ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದರೆ ಈ ಬರಹ ನಿಮಗಾಗಿ. ಹಿಂದೆ ಇದನ್ನು ಉನ್ಮಾದ-ಖಿನ್ನತೆ ಕಾಯಿಲೆ ಎನ್ನುತ್ತಿದ್ದರು. ಕೆಲವು ಕಾಲ ಮನಸ್ಸು ಮಿತಿಮೀರಿ ಏರುತ್ತದೆ, ಅದು ಉನ್ಮಾದ. ಇನ್ನು ಕೆಲವು ಕಾಲ ವಾರಗಟ್ಟಲೆ, ತಿಂಗಳುಗಟ್ಟಲೆ ಕುಸಿದಿರುತ್ತದೆ, ಅದು ಖಿನ್ನತೆ. ಇವೆರಡರ ನಡುವಿನ ದಿನಗಳಲ್ಲಿ ಹೆಚ್ಚಿನವರು ಎಲ್ಲರಂತೆಯೇ ದುಡಿದು, ನಕ್ಕು, ಸಂಸಾರ ಮಾಡುತ್ತಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಸಾವಿರ ವಯಸ್ಕರಲ್ಲಿ ಸುಮಾರು ಐವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದಿರುತ್ತದೆ. ಇದು ಗಾಳಿ ಸೋಕಿದ್ದಲ್ಲ, ಮಾಟ ಮಾಡಿಸಿದ್ದಲ್ಲ. ಮಿದುಳಿನ ಕೆಲಸದಲ್ಲಿ ಆಗುವ ಏರುಪೇರು. ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಸೊಸೆಯ ಕಾಲ್ಗುಣದಿಂದ ಬರುವಂಥದ್ದಂತೂ ಅಲ್ಲವೇ ಅಲ್ಲ. ಈ ಮಾತು ಕೆಲವು ಮನೆಗಳಲ್ಲಿ ಓದಿ ಹೇಳಬೇಕಾದ ಅಗತ್ಯ ಇದೆ.

ನಿದ್ರೆಯ ಮೇಲೆ ಕಣ್ಣಿಡಿ

ವೈದ್ಯರು ತಿಂಗಳಿಗೊಮ್ಮೆ ಸ್ವಲ್ಪ ಹೊತ್ತು ನೋಡುತ್ತಾರೆ. ನೀವು ಪ್ರತಿ ರಾತ್ರಿ ಅವರ ಪಕ್ಕದಲ್ಲಿರುತ್ತೀರಿ. ಆದ್ದರಿಂದ ಕಾಯಿಲೆ ಮರಳುವ ಮೊದಲ ಸುಳಿವು ಸಿಗುವುದು ನಿಮಗೆ. ಆ ಸುಳಿವು ಬಹಳ ಸಲ ನಿದ್ರೆಯಲ್ಲೇ ಇರುತ್ತದೆ. ಮೂರು ತಾಸು ಮಲಗಿ ಎದ್ದರೂ ದಣಿವೇ ಇಲ್ಲ, ನಸುಕಿನಲ್ಲೇ ಪೆಟ್ಟಿಗೆ ತೆಗೆದು ಜೋಡಿಸುವುದು, ಹತ್ತು ಜನರಿಗೆ ಫೋನ್ ಮಾಡುವುದು, ಮಾತಿಗೆ ತಡೆ ಇಲ್ಲದಿರುವುದು. ಎರಡು ರಾತ್ರಿ ಹೀಗಾದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ, ಆಸ್ಪತ್ರೆಗೆ ತಿಳಿಸಿ. ಮೊದಲ ವಾರದಲ್ಲಿ ಔಷಧಿಯ ಪ್ರಮಾಣ ಬದಲಿಸಿ ಹಿಡಿದು ನಿಲ್ಲಿಸಬಹುದಾದದ್ದು, ಮೂರನೆಯ ವಾರಕ್ಕೆ ಒಳರೋಗಿಯಾಗಿ ಸೇರಿಸಬೇಕಾದ ಸ್ಥಿತಿಗೆ ಬಂದಿರುತ್ತದೆ.

ನಿದ್ರೆ ಕೆಡುವುದು ಈ ಕಾಯಿಲೆಯ ಗುರುತು ಮಾತ್ರವಲ್ಲ, ಕಾಯಿಲೆಯನ್ನು ಕೆರಳಿಸುವ ಕಾರಣವೂ ಹೌದು. ರಾತ್ರಿ ಮೂರು ಫೇಸ್ ಕರೆಂಟು ಬಂತೆಂದು ಹೊಲಕ್ಕೆ ನೀರು ಹಾಯಿಸಲು ಹೋಗುವುದು, ಕಾರ್ಖಾನೆಯ ರಾತ್ರಿ ಪಾಳಿ, ಜಾತ್ರೆಯ ನಾಟಕ, ಮದುವೆಮನೆಯ ಗದ್ದಲ, ಇವೆಲ್ಲ ಅವರಿಗೆ ಬೇರೆಯವರಿಗಿಂತ ದುಬಾರಿ. ಮಹಾಶಿವರಾತ್ರಿಯ ಜಾಗರಣೆಯೂ ಅಷ್ಟೇ. ಸಂಜೆ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಮಾತ್ರೆ ತೆಗೆದುಕೊಂಡು ಅವರು ಮಲಗಲಿ. ಮನೆಯ ಉಳಿದವರು ಜಾಗರಣೆ ಮಾಡಿದರೆ ಸಾಕು. ದಿನವೂ ಒಂದೇ ಹೊತ್ತಿಗೆ ಏಳುವುದು, ಸ್ನಾನ, ಇಷ್ಟಲಿಂಗ ಪೂಜೆ, ಊಟ, ಕಾಯಕ ಎಂಬ ಕ್ರಮ ಇವರಿಗೆ ಬಹಳ ಒಳ್ಳೆಯದು.

ಮಾತ್ರೆ, ಉಪ್ಪು, ನೀರು

ಲಿಥಿಯಂ ಒಂದು ಲವಣ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದರ ಉಪಯೋಗವನ್ನು ತೋರಿಸಿಕೊಟ್ಟರು. ಇಂದಿಗೂ ಇದು ಈ ಕಾಯಿಲೆಯ ಮುಖ್ಯ ಔಷಧಿಗಳಲ್ಲಿ ಒಂದು. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಅದಕ್ಕಾಗಿಯೇ ಆಗಾಗ ರಕ್ತ ಪರೀಕ್ಷೆ. ರಾತ್ರಿ ಮಾತ್ರೆ ತೆಗೆದುಕೊಂಡ 12 ತಾಸಿನ ನಂತರ ರಕ್ತ ಕೊಡಬೇಕು. ಆ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮಾಡಿಸಬೇಕಾಗುತ್ತದೆ.

ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಆದ್ದರಿಂದ ಇವರಿಗೆ ನಿರಾಹಾರ ಉಪವಾಸ ಬೇಡ, ಇದ್ದಕ್ಕಿದ್ದಂತೆ ಉಪ್ಪು ಬಿಡಿಸುವುದೂ ಬೇಡ. ಬಿಸಿಲಲ್ಲಿ ದುಡಿಯುವವರಿಗೆ ನೀರು, ಮಜ್ಜಿಗೆ ಕೊಡುತ್ತಿರಿ. ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಿಸಬೇಡಿ. ಕೆಲವು ಬಿ.ಪಿ. ಮಾತ್ರೆಗಳಿಂದಲೂ ಇದೇ ತೊಂದರೆ. ಯಾವ ವೈದ್ಯರ ಬಳಿ ಹೋದರೂ ಲಿಥಿಯಂ ಚೀಟಿ ತೋರಿಸಿ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ತೂರಾಡುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

"ಈಗ ಆರಾಮಿದ್ದಾರಲ್ಲ, ಮಾತ್ರೆ ಯಾಕೆ?" ಎಂದು ನೆಂಟರು ಕೇಳುತ್ತಾರೆ. ಮಾತ್ರೆಯಿಂದಲೇ ಆರಾಮಿದ್ದಾರೆ ಎಂದು ಹೇಳಿ. ಲಿಥಿಯಂ ತಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಬೇಗ ಮರುಕಳಿಸುತ್ತದೆ.

ಮಗು ಬೇಕೆಂದಿರುವ ದಂಪತಿಗಳು ಮೊದಲೇ ಮನೋವೈದ್ಯರನ್ನು ಕಾಣಬೇಕು. ವಾಲ್ಪ್ರೊಯೇಟ್ ಎಂಬ ಔಷಧಿ ಗರ್ಭದ ಮಗುವಿಗೆ ಹಾನಿ ಮಾಡುವುದರಿಂದ ಬದಲಿಸಬೇಕಾಗುತ್ತದೆ, ಆದರೆ ಆ ಬದಲಾವಣೆ ವೈದ್ಯರೇ ಮಾಡಲಿ. ಬಾಣಂತಿತನದ ಮೊದಲ ವಾರಗಳು ಬಹಳ ಅಪಾಯದ ಕಾಲ. ತವರಿನಲ್ಲಾಗಲಿ ಅತ್ತೆಮನೆಯಲ್ಲಾಗಲಿ, ರಾತ್ರಿ ಮಗುವನ್ನು ಬೇರೆಯವರು ನೋಡಿಕೊಂಡು ತಾಯಿಗೆ ನಿದ್ರೆ ಮಾಡಲು ಬಿಡಬೇಕು.

ಏರಿದಾಗ, ಇಳಿದಾಗ

ಉನ್ಮಾದದಲ್ಲಿರುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ದನಿ ತಗ್ಗಿಸಿ, ಕಡಿಮೆ ಮಾತಾಡಿ, ಟಿ.ವಿ. ಆರಿಸಿ, ಬಂದವರನ್ನು ಬೇಗ ಕಳಿಸಿಕೊಡಿ. ಹಣವೇ ದೊಡ್ಡ ಚಿಂತೆ. ಎತ್ತು ಮಾರಿದವರು, ಹೆಂಡತಿಯ ಬಂಗಾರ ಒತ್ತೆಯಿಟ್ಟವರು, ಮೊಬೈಲಿನಲ್ಲೇ ಸಾಲ ತೆಗೆದವರು ಇದ್ದಾರೆ. ದಾಸೋಹಕ್ಕೆ ಹೊಲ ಬರೆದುಕೊಡುತ್ತೇನೆ ಎಂದು ಹೊರಡುವವರೂ ಉಂಟು. ಅದನ್ನು ತಡೆದರೆ ನಿಮಗೆ ಯಾವ ಪಾಪವೂ ಇಲ್ಲ. ಕಾಯಿಲೆಯ ಭರದಲ್ಲಿ ಮಾಡಿದ್ದು ದಾನವಾಗುವುದಿಲ್ಲ. ಅವರು ಚೆನ್ನಾಗಿರುವಾಗಲೇ ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಳ್ಳಿ: ನಿದ್ರೆ ಕೆಟ್ಟ ದಿನದಿಂದ ಎ.ಟಿ.ಎಂ. ಕಾರ್ಡು, ಗಾಡಿಯ ಕೀಲಿ, ಜಮೀನಿನ ಕಾಗದ ಯಾರ ಕೈಯಲ್ಲಿರಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಅವರ ಕೈಯಿಂದಲೇ ಬರೆಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿಯೂ, ತನಗೆ ಎಂಥ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮುಂಚೆಯೇ ಬರೆದಿಡುವ ಹಕ್ಕು ರೋಗಿಗೆ ಇದೆ. ಅದೇ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ. ಕೈ ಮಾಡಲು ಬಂದರೆ ಸಹಿಸಿಕೊಂಡು ನಿಲ್ಲಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಬಂದು 112ಕ್ಕೆ ಫೋನ್ ಮಾಡಿ.

ಇಳಿದ ಮೇಲೆ, ಆಗ ಆಡಿದ ಮಾತು, ಮಾಡಿದ ಖರ್ಚು ನೆನೆದು ಅವರು ನಾಚಿಕೆಯಿಂದ ಕುಗ್ಗುತ್ತಾರೆ. ಲೆಕ್ಕ ಒಪ್ಪಿಸುವ ಹೊತ್ತು ಅದಲ್ಲ. ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳದಿರುವುದು ಸೋಮಾರಿತನವಲ್ಲ. ಅಂಗಳದವರೆಗೆ ಜೊತೆಯಲ್ಲಿ ನಡೆಯಿರಿ, ತಟ್ಟೆ ಎದುರಿಗಿಟ್ಟು ನೀವೂ ಕುಳಿತು ಉಣ್ಣಿ. ಖಿನ್ನತೆಯ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ತಂದು ಕೊಡಬೇಡಿ, ಅದೊಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗುವ ಸಂಭವವಿದೆ. "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಬರುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಆ ದಿನವೇ ಕರೆತನ್ನಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯಲ್ಲಿ ಇಡಲೇಬೇಡಿ, ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿಡಿ. ಮಾತ್ರೆಗಳೂ ನಿಮ್ಮ ಬಳಿಯೇ ಇರಲಿ.

ರಾತ್ರಿ ಹೊತ್ತು ಯಾರನ್ನು ಕೇಳಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಉಚಿತ ಸಹಾಯವಾಣಿ; ಹಗಲು ರಾತ್ರಿ ಕನ್ನಡದಲ್ಲಿಯೂ ಮಾತಾಡುತ್ತಾರೆ. ನಿಮ್ಮ ದುಃಖಕ್ಕೂ ಅಲ್ಲಿ ಕರೆ ಮಾಡಬಹುದು. ಕಾಯಿಲೆಯವರನ್ನು ನೋಡಿಕೊಳ್ಳುತ್ತ ತಾವೇ ಊಟ, ನಿದ್ರೆ ಬಿಟ್ಟು ಸೊರಗುವವರು ಬಹಳ. ತಿಂಗಳಲ್ಲಿ ಎರಡು ದಿನವಾದರೂ ಮೈದುನನೋ ನಾದಿನಿಯೋ ಬಂದು ಇದ್ದು, ನೀವು ತವರಿಗೆ ಹೋಗಿ ಬರುವಂತಾಗಲಿ.

ಮುಂದಿನ ಸಲ ಬರುವಾಗ ಒಂದು ಸಣ್ಣ ನೋಟ್‌ಬುಕ್ ತನ್ನಿ. ಅದರಲ್ಲಿ ದಿನವೂ ಎಷ್ಟು ತಾಸು ನಿದ್ರೆಯಾಯಿತು, ಮಾತ್ರೆ ನುಂಗಿದರೇ ಇಲ್ಲವೇ ಎಂದು ಬರೆದಿರಿ, ಓದು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ಅವರ ಎದುರಿಗೆ ಹೇಳಲಾಗದ ಮಾತಿದ್ದರೆ ಚೀಟಿಯಲ್ಲಿ ಬರೆದು ಒಳಗೆ ಹೋಗುವ ಮೊದಲೇ ನರ್ಸ್ ಕೈಗೆ ಕೊಡಿ.