ಗೂಡುಗಾಲದ ಸಾಕ್ಷ್ಯ: ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನು ಕುರಿತು ಕೆಲವು ವಿಚಾರಗಳು

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಹಕ್ಕಿಯ ಗೂಡುಗಳಿಗೆ ಎಡೆಯೇಕೆಂದು ವಾಚಕರು ಕೇಳಬಹುದು. ಶಾಸನ, ನಾಣ್ಯ, ಕಡತಗಳ ನಡುವೆ ಕೆಲಸಮಾಡುವವನಿಗೆ ಪ್ರಾಣಿಶಾಸ್ತ್ರದ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲವೆಂಬುದು ನಿಜ. ಈ ಲೇಖಕನೂ ಅಂತಹ ಅಧಿಕಾರವನ್ನು ಬಯಸಿದವನಲ್ಲ. ಆದರೆ ಒಂದು ಊರಿನಲ್ಲಿ ಹಕ್ಕಿಗಳು ಎಂದಿನಿಂದ ಗೂಡು ಕಟ್ಟುತ್ತಿವೆ, ಯಾವ ಮರಗಳಲ್ಲಿ ಕಟ್ಟಿದವು, ಯಾವುದನ್ನು ಯಾವಾಗ ಬಿಟ್ಟುಹೋದವು ಎಂದು ಕೇಳತೊಡಗಿದೊಡನೆಯೇ ಅದು ಸಾಕ್ಷ್ಯದ ಪ್ರಶ್ನೆಯಾಗುತ್ತದೆ. ಸಾಕ್ಷ್ಯವನ್ನು ತೂಗಿನೋಡುವುದು ನಮ್ಮ ಕಸುಬು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬೇಸಿಗೆಯ ಮೊದಲಲ್ಲಿ ಕಂಡುಬರುವ ಸಂಗತಿಗಳನ್ನು ನಿರೂಪಿಸಿ, ಆ ಊರಿನ ಹಕ್ಕಿಗಳ ಪ್ರಾಚೀನತೆಯನ್ನು ಕುರಿತು ಹೇಳಲಾಗುತ್ತಿರುವ ಮಾತುಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಬೆಂಗಳೂರು–ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ಒಳಕ್ಕೆ ತಿರುಗಿದರೆ, ಶಿಂಷಾ ನದಿಗೆ ಸಮೀಪದಲ್ಲಿ ಈ ಊರು ಸಿಕ್ಕುತ್ತದೆ. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಮತ್ತೊಂದು ಬೆಳ್ಳೂರುಂಟು. ಈ ಊರಾದರೋ ತನ್ನ ಅತಿಥಿಗಳ ಹೆಸರನ್ನೇ ಮುಂದಿಟ್ಟುಕೊಂಡಿದೆ. ಇಲ್ಲಿ ಗೂಡು ಕಟ್ಟುವ ದೊಡ್ಡ ಹಕ್ಕಿಗಳು ಮುಖ್ಯವಾಗಿ ಎರಡು. ಒಂದು ಬಣ್ಣದ ಕೊಕ್ಕರೆ. ಇದರ ಮೈ ಬಿಳುಪು, ರೆಕ್ಕೆ ಮತ್ತು ಎದೆಯಲ್ಲಿ ಕಪ್ಪು ಪಟ್ಟೆ, ಬಾಲದ ಬಳಿ ಇಳಿಬಿದ್ದ ಗರಿಗಳಲ್ಲಿ ನಸುಗೆಂಪು, ಉದ್ದವಾದ ಕೊಕ್ಕು ಹಳದಿ. ಇನ್ನೊಂದು ಹೆಜ್ಜಾರ್ಲೆ. ಬೂದುಬಿಳುಪಿನ ಭಾರಿ ದೇಹ, ಮೇಲುಕೊಕ್ಕಿನ ಅಂಚಿಗೆ ಚುಕ್ಕೆಗಳ ಸಾಲು, ಕೆಳಕೊಕ್ಕಿಗೆ ತೂಗುವ ಚರ್ಮದ ಚೀಲ ಇವು ಇದರ ಗುರುತುಗಳು. ಎರಡೂ ಒಂದೇ ಮರದಲ್ಲಿ, ಒಂದರ ಪಕ್ಕಕ್ಕೊಂದು ಗೂಡು ಮಾಡಿಕೊಂಡು ಬಾಳುತ್ತವೆ.

ನಮ್ಮ ನಾಡಿನಲ್ಲಿ ನೀರುಹಕ್ಕಿಗಳ ಗೂಡುಗಾಲ ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ತುಂಗೆಯ ನಡುವಣ ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಗೂಡಿಗಿಳಿಯುತ್ತವೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಹಿಂಗಾರು ಕಳೆದ ಮೇಲೆ ಬಂದು, ಡಿಸೆಂಬರ್, ಜನವರಿಯ ಹೊತ್ತಿಗೆ ಕಡ್ಡಿ ಹೊರತೊಡಗುತ್ತವೆ. ಮೊಟ್ಟೆಗೆ ಕಾವು ಕೂರುವುದು ಸುಮಾರು ಒಂದು ತಿಂಗಳು. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಮರಗಳ ತುಂಬ ಮರಿಗಳು. ಮೇ ಕಳೆಯುವಾಗ ಊರು ಬಹುಮಟ್ಟಿಗೆ ಬರಿದಾಗುತ್ತದೆ.

ಸುಡುಬಿಸಿಲಿನ ಕಾಲವನ್ನೇ ಇವು ಮರಿ ಸಾಕಲು ಆರಿಸಿಕೊಂಡುದೇಕೆಂಬುದಕ್ಕೆ ಉತ್ತರ ಕೆರೆಗಳಲ್ಲಿದೆ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಹಿಡಿಯುತ್ತದೆ. ತೆಳುನೀರಿನಲ್ಲಿ ನಡೆಯುತ್ತ, ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿತ್ತ ಆಡಿಸುತ್ತದೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಮಾಘ, ಫಾಲ್ಗುಣಗಳಲ್ಲಿ ಕೆರೆಯ ನೀರು ತಗ್ಗಿ ಮೀನು ಒತ್ತಾಗಿ ಸೇರುವುದರಿಂದ ಈ ಬಗೆಯ ಬೇಟೆಗೆ ಅದಕ್ಕಿಂತ ಅನುಕೂಲವಾದ ಕಾಲ ಮತ್ತೊಂದಿಲ್ಲ. ಆದರೆ ಕೆರೆ ಪೂರ್ತಿಯಾಗಿ ಒಣಗಿತೆಂದರೆ ಗೂಡಿನಲ್ಲಿರುವ ಮರಿಗೆ ಉಪವಾಸವೇ ಗತಿ. ತಗ್ಗಬೇಕು, ಬತ್ತಬಾರದು: ಈ ಇಕ್ಕಟ್ಟಿನ ಅವಧಿಯಲ್ಲಿ ಹಕ್ಕಿಯ ಸಂಸಾರ ನಡೆಯಬೇಕು. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆಗಳು ಇವುಗಳ ಅಡುಗೆಮನೆಯೆನ್ನಬಹುದು. ಕನ್ನಂಬಾಡಿ ಅಣೆಕಟ್ಟಿನಿಂದ ಮಂಡ್ಯ, ಮದ್ದೂರು ಸೀಮೆಗೆ ನಾಲೆಯ ನೀರು ಬಂದುದು 1930ರ ದಶಕದಲ್ಲಿ. ಸೀಮೆಯ ನೀರಾವರಿಯ ಇತಿಹಾಸವನ್ನೂ ಹಕ್ಕಿಗಳ ಇತಿಹಾಸವನ್ನೂ ಬೇರೆಬೇರೆ ಪುಸ್ತಕಗಳಲ್ಲಿ ಬರೆಯುವುದು ನಮ್ಮ ಅಭ್ಯಾಸ. ಎರಡನ್ನೂ ಕೂಡಿಸಿ ಓದಿದರೆ ಲಾಭವುಂಟು.

ಮಾರ್ಚ್ ತಿಂಗಳಿನಲ್ಲಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಮೊದಲು ಮುಟ್ಟಿದುದು ಕಣ್ಣಿಗಲ್ಲ, ಕಿವಿಗೆ. ಬೆಳೆದ ಹಕ್ಕಿಗಳು ಹೆಚ್ಚುಕಡಮೆ ಮೂಕ, ಗದ್ದಲವೆಲ್ಲ ಮರಿಗಳದು. ಹಗಲೆಲ್ಲ ಆಹಾರಕ್ಕಾಗಿ ಅವು ಕಿರುಚುತ್ತಿರುತ್ತವೆ, ಅದರ ಕೆಳಗೆ ಜನ ಎಮ್ಮೆ ಕಟ್ಟುತ್ತಾರೆ, ಮಕ್ಕಳು ಆಡುತ್ತಾರೆ, ಜಗಲಿಯ ಮೇಲೆ ಮಾತು ನಡೆಯುತ್ತದೆ. ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಚೀಲದೊಳಕ್ಕೆ ತಲೆಯನ್ನು ತೂರಿಸಿ ಮೀನು ತಿನ್ನುವ ನೋಟ ಹೊಸಬರನ್ನು ಗಾಬರಿಗೊಳಿಸುತ್ತದೆ. ತಾಯಿಯನ್ನೇ ನುಂಗುತ್ತಿದೆಯೋ ಎಂಬಂತೆ ಕಾಣುತ್ತದೆ. ನಡುಹಗಲಿನಲ್ಲಿ ಬಣ್ಣದ ಕೊಕ್ಕರೆ ಬಿಸಿಲಿಗೆ ಬೆನ್ನುಕೊಟ್ಟು, ರೆಕ್ಕೆಗಳನ್ನು ಬಿಚ್ಚಿ, ಮರಿಗಳ ಮೇಲೆ ಕೊಡೆ ಹಿಡಿದಂತೆ ನಿಲ್ಲುತ್ತದೆ. ಗೂಡೆಂದರೆ ಕಡ್ಡಿಗಳನ್ನು ಅಡ್ಡಾದಿಡ್ಡಿಯಾಗಿ ಹಾಸಿದ ತಟ್ಟು ಮಾತ್ರ. ಗಾಳಿ ಬೀಸಿದಾಗ, ಒಡಹುಟ್ಟುಗಳು ತಳ್ಳಾಡಿದಾಗ ಮರಿಗಳು ಕೆಳಗೆ ಬೀಳುವುದುಂಟು. ಹಾಗೆ ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು ಮೀನು ಹಾಕಿ ಸಾಕುವ ಕೆಲಸವನ್ನು 1990ರ ದಶಕದಿಂದ ಹೆಜ್ಜಾರ್ಲೆ ಬಳಗದವರು ಊರವರೊಡಗೂಡಿ ನಡೆಸಿಕೊಂಡು ಬಂದರು.

ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಹೇಳುತ್ತಾರೆ. ಪತ್ರಿಕೆಗಳು ಈ ಮಾತನ್ನು ಬಹಳ ಮೆಚ್ಚಿ ಮತ್ತೆಮತ್ತೆ ಅಚ್ಚುಮಾಡಿವೆ. ಮಾತು ಸುಂದರವೇ; ಆದರೆ ತವರಿಗೆ ಖರ್ಚುಂಟೆಂಬುದನ್ನು ಮರೆಯಬಾರದು. ಗೂಡುಗಳು ಹೆಚ್ಚಾಗಿ ಇರುವುದು ಹುಣಸೆಮರಗಳಲ್ಲಿ. ಹುಣಸೆಯ ಹಣ್ಣನ್ನು ಬಡಿದಿಳಿಸುವ ಕಾಲವೂ, ಮೊಟ್ಟೆಮರಿಗಳ ಕಾಲವೂ ಒಂದೇ. ಮರ ಹತ್ತಿ ಕೊಂಬೆ ಅಲುಗಿಸಿದರೆ ಗೂಡು ಹೋಗುತ್ತದೆ. ಅಲುಗಿಸದಿದ್ದರೆ ವರ್ಷದ ಫಲ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ಮರದ ಬುಡದಲ್ಲಿ ಹಿಕ್ಕೆ ಬೀಳುತ್ತದೆ. ಅಲ್ಲಿ ಗುಂಡಿ ತೋಡಿ, ಕೆರೆಯ ಗೋಡಿನೊಡನೆ ಕೂಡಿಸಿ ಹೊಲಕ್ಕೆ ಗೊಬ್ಬರಮಾಡುವ ರೂಢಿ ಈ ಊರಿನಲ್ಲಿತ್ತು. ಗೊಬ್ಬರದ ಚೀಲಗಳು ಅಂಗಡಿಯಲ್ಲಿ ಸಿಕ್ಕತೊಡಗಿದ ಮೇಲೆ ಈ ಲೆಕ್ಕದ ಒಂದು ತಟ್ಟೆ ಹಗುರವಾಯಿತೆಂದು ತೋರುತ್ತದೆ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ಕ್ರಮವನ್ನು ತಂದುದು ಇನ್ನೊಂದು ತಟ್ಟೆಯನ್ನು ಸರಿದೂಗಿಸುವುದಕ್ಕಾಗಿ. 2007ರಲ್ಲಿ ಈ ನೆಲೆಯನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಇನ್ನು ಪ್ರಾಚೀನತೆಯ ವಿಷಯ. ಈ ಊರಿನ ಹಕ್ಕಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಟಿ. ಸಿ. ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯ ದಾಖಲೆಮಾಡಿದನೆಂಬ ಮಾತನ್ನು ಹಲವು ಬರಹಗಳಲ್ಲಿ ಕಾಣಬಹುದು. 1862–64ರಲ್ಲಿ ಪ್ರಕಟವಾದ ಆತನ ಭಾರತದ ಹಕ್ಕಿಗಳ ಗ್ರಂಥದಲ್ಲಿ ಹೆಜ್ಜಾರ್ಲೆಗಳ ನೆಲೆಯೊಂದರ ಉಲ್ಲೇಖವಿರುವುದು ದಿಟ. ಹಳ್ಳಿಯ ನಡುವೆ, ಅಷ್ಟೇನೂ ಎತ್ತರವಲ್ಲದ ಮರಗಳಲ್ಲಿ, ಜನರ ಓಡಾಟವನ್ನು ಲಕ್ಷಿಸದೆ ಅವು ಗೂಡು ಕಟ್ಟಿದ್ದನ್ನು ತಾನು ನೋಡಿದೆನೆಂದು ಆತನು ಹೇಳುತ್ತಾನೆ. ಚಿತ್ರವೇನೋ ಕೊಕ್ಕರೆ ಬೆಳ್ಳೂರಿಗೆ ಒಪ್ಪುವಂತಹುದೇ. ಆದರೆ ಊರಿನ ಹೆಸರನ್ನು ಆತನು ಅಲ್ಲಿ ಕೊಟ್ಟಿಲ್ಲ. ಕರ್ನಾಟಿಕ್ ಎಂದಷ್ಟೇ ಹೇಳಿದ್ದಾನೆ. ಇಲ್ಲಿಯೇ ಎಡವಟ್ಟು. ಆ ಕಾಲದ ಇಂಗ್ಲಿಷರ ಬಾಯಲ್ಲಿ ಕರ್ನಾಟಿಕ್ ಎಂದರೆ ನಮ್ಮ ಕರ್ನಾಟಕವಲ್ಲ. ಪೂರ್ವಘಟ್ಟಗಳ ಕೆಳಗೆ ಕೋರಮಂಡಲ ತೀರದವರೆಗಿನ ಬಯಲುಸೀಮೆ. ಆರ್ಕಾಟಿನ ನವಾಬರನ್ನು ಕರ್ನಾಟಿಕ್ ನವಾಬರೆಂದು ಕರೆದುದು ಈ ಅರ್ಥದಲ್ಲಿಯೇ. ಘಟ್ಟದ ಮೇಲಿನ ನಮ್ಮ ಸೀಮೆಯನ್ನು ಅವರು ಮೈಸೂರು ಎನ್ನುತ್ತಿದ್ದರು. ಜೆರ್ಡನ್ ಮದರಾಸು ಆಧಿಪತ್ಯದ ಸೇವೆಯಲ್ಲಿದ್ದು, ನೆಲ್ಲೂರಿನಲ್ಲಿ ಕೆಲವು ಕಾಲ ಇದ್ದವನು. ಆ ನೆಲ್ಲೂರು ಸೀಮೆಯ ನೇಲಪಟ್ಟಿನಲ್ಲಿಯೂ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹೀಗಿರಲು ಆತನ ವಾಕ್ಯವನ್ನು ನಮ್ಮ ಊರಿಗೆ ಅಂಟಿಸುವುದು ಶಬ್ದಸಾಮ್ಯದಿಂದಾದ ಭ್ರಮೆಯೆಂದೇ ಈ ಲೇಖಕನ ಅಭಿಪ್ರಾಯ. ಊರಿನ ಅಭಿಮಾನಿಗಳಿಗೆ ಇದರಿಂದ ಬೇಸರವಾಗಬಹುದು. ಆದರೆ ಆ ಊರಿನ ಯೋಗ್ಯತೆಗೆ ಜೆರ್ಡನ್ನನ ರುಜುವಾತು ಬೇಕಾಗಿಲ್ಲ.

ಊರಿನ ಬಾಯಿಮಾತು ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಹಳೆಯ ಊರು ಶಿಂಷೆಯ ದಡದಲ್ಲಿತ್ತೆಂದೂ, 1916ರಲ್ಲಿ ಪ್ಲೇಗು ತಗುಲಿ ಜನ ಅದನ್ನು ಬಿಟ್ಟು ಈಗಿನ ಜಾಗಕ್ಕೆ ಬಂದರೆಂದೂ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹೇಳಲಾಗುತ್ತದೆ. ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕುದು 1898ರಲ್ಲಿ. ಆ ಬಳಿಕ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದ ಹಳ್ಳಿಗಳು ಅನೇಕ. ಆದುದರಿಂದ ಕಥೆಯ ಮೊದಲ ಭಾಗಕ್ಕೆ ಅಸಂಭವವೆಂಬ ದೋಷ ತಟ್ಟುವುದಿಲ್ಲ. ಎರಡನೆಯ ಭಾಗವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಹೆಜ್ಜಾರ್ಲೆಯಂತಹ ಭಾರದ ಹಕ್ಕಿ ಗೂಡಿಡಬೇಕಾದರೆ ಬಲಿತ ಮರ ಬೇಕು. ಜನ ಬಂದ ಮೇಲೆ ನೆಟ್ಟ ಹುಣಸೆ ಅಷ್ಟು ದೊಡ್ಡದಾಗಲು ಹಲವು ದಶಕಗಳು ಹಿಡಿಯುತ್ತವೆ. ಹಾಗಾದರೆ ಹೊಸ ಜಾಗದಲ್ಲಿ ದೊಡ್ಡ ಮರಗಳು ಮೊದಲೇ ಇದ್ದಿರಬೇಕು. ಇಲ್ಲವೇ ಹಕ್ಕಿಗಳು ಬಂದುದು ಜನರ ಹಿಂದೆಯೇ ಅಲ್ಲ, ಒಂದು ತಲೆಮಾರು ತಡೆದು. ಎರಡರಲ್ಲಿ ಯಾವುದೆಂಬುದನ್ನು ಮರಗಳ ವಯಸ್ಸು, ಹಳೆಯ ಗ್ರಾಮನಕ್ಷೆ, ಕಂದಾಯದ ಕಡತಗಳು ಹೇಳಬಲ್ಲವು. ಇದನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿ 1939ಕ್ಕೆ ಹಿಂದಿನ ಕಾಗದಪತ್ರಗಳನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು; ಮಂಡ್ಯ ಜಿಲ್ಲೆ ಏರ್ಪಟ್ಟುದೇ ಆ ವರ್ಷ.

ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದುದು 1939–40ರಲ್ಲಿ. ಆದರೂ ಪಕ್ಷಿಶಾಸ್ತ್ರದ ಬರಹಗಳಲ್ಲಿ ಕೊಕ್ಕರೆ ಬೆಳ್ಳೂರು ತನ್ನ ಹೆಸರಿನಿಂದ ಪ್ರಸಿದ್ಧವಾದುದು, 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಅದನ್ನು ಕಂಡು ವರದಿಮಾಡಿದ ಮೇಲೆ. ಆ ವರದಿ ಇದನ್ನು ಶೋಧವೆಂದು ಕರೆಯಿತು. ಶಾಸ್ತ್ರದ ದೃಷ್ಟಿಯಿಂದ ಅದು ಶೋಧವೇ, ಅದರ ಉಪಕಾರವೂ ದೊಡ್ಡದು. ಆದರೂ ತಮ್ಮ ಹಿತ್ತಿಲಿನ ಮರದಲ್ಲಿ ಅಜ್ಜನ ಕಾಲದಿಂದ ಕಂಡ ಹಕ್ಕಿಯನ್ನು ಯಾರೋ ಶೋಧಿಸಿದರೆಂದು ಕೇಳಿದ ಊರಿನವರು ಏನೆಂದುಕೊಂಡಿರಬಹುದು!

ರಂಗನತಿಟ್ಟಿನ ವಿಷಯದಲ್ಲಿ ನಮಗೆ ಇಷ್ಟು ತೊಡಕಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಆ ತಿಟ್ಟುಗಳು ಏರ್ಪಟ್ಟುದು ಹದಿನೇಳನೆಯ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದ ಒಡ್ಡಿನಿಂದ. ಸಲೀಂ ಅಲಿಯವರ ಸೂಚನೆಯ ಮೇರೆಗೆ ಅದು ಪಕ್ಷಿಧಾಮವಾದುದು 1940ರಲ್ಲಿ. ಒಡ್ಡು ಕಟ್ಟಿಸಿದವರ ಮನಸ್ಸಿನಲ್ಲಿ ಗದ್ದೆಯಿತ್ತೇ ಹೊರತು ಹಕ್ಕಿಯಿರಲಿಲ್ಲ. ಅಲ್ಲಿ ರಾಜರ ಕಾರ್ಯಕ್ಕೆ ಕಾಲವುಂಟು; ಇಲ್ಲಿ ರೈತರ ಕಾರ್ಯಕ್ಕೆ ಕಾಲ ಬರೆದಿಟ್ಟವರಿಲ್ಲ.

ಬರೆದಿಡುವುದರಿಂದೇನೆಂಬುದಕ್ಕೆ ಒಂದು ಉದಾಹರಣೆ ಸಾಕು. ಪಶ್ಚಿಮ ಗೋದಾವರಿ ಜಿಲ್ಲೆಯ ಆರೇಡು ಎಂಬಲ್ಲಿ ಹೆಜ್ಜಾರ್ಲೆಗಳ ದೊಡ್ಡ ನೆಲೆಯೊಂದನ್ನು 1946ರಲ್ಲಿ ಕೆ. ಕೆ. ನೀಲಕಂಠನ್ ಅವರು ಕಂಡು, 1949ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮುಂದಿನ ದಶಕಗಳಲ್ಲಿ ಆ ನೆಲೆ ಬರಿದಾಯಿತು. ಅಲ್ಲಿ ಹಿಂದೆ ಹಕ್ಕಿಗಳಿದ್ದುವೆಂದು ಹೊರಗಿನ ಲೋಕ ಬಲ್ಲುದು ಅವರ ಬರಹದಿಂದ. ಕೊಕ್ಕರೆ ಬೆಳ್ಳೂರಿನಲ್ಲಿಯೂ 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದವು. ಹೊಟ್ಟೆಯಲ್ಲಿನ ದುಂಡುಹುಳುಗಳ ಸೋಂಕು ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ಆಗ ಎಲ್ಲರೂ ಹುಡುಕಿದುದು ಹಿಂದಿನ ವರ್ಷಗಳ ಎಣಿಕೆಯನ್ನು. ಎಣಿಕೆಯಿದ್ದರೆ ಮಾತ್ರ ನಷ್ಟಕ್ಕೆ ಅಳತೆ.

ಎಣಿಸುವುದು ಸುಲಭವಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅಂದೇ ಕಲಿತರು. ಎರಡು ಗುಂಪುಗಳು ಒಂದೇ ಅರಳಿಮರವನ್ನು ಎಣಿಸಿ ಎರಡು ಸಂಖ್ಯೆ ತಂದವು. ಒಂದು ಗುಂಪು ಕಾಣುವ ಹಕ್ಕಿಗಳನ್ನು, ಮತ್ತೊಂದು ಗೂಡುಗಳನ್ನು ಎಣಿಸಿತ್ತು. ಬೆಳಗ್ಗೆ ಒಂದು ಹಕ್ಕಿ ಕೆರೆಗೆ ಹೋಗಿರುತ್ತದೆ, ಅದರ ಜೋಡಿ ಗೂಡಿನಲ್ಲಿರುತ್ತದೆ; ಆದುದರಿಂದ ಹಕ್ಕಿಯ ಎಣಿಕೆ ಹೊತ್ತಿಗೊಂದು ಬಗೆಯಾಗುತ್ತದೆ. ಗೂಡು ಅಷ್ಟಾಗಿ ಮೋಸಮಾಡದು. ಅಂದಿನಿಂದ ಪ್ರತಿ ಮರಕ್ಕೂ ಒಂದು ಹಾಳೆ ಎಂಬ ಕ್ರಮವನ್ನಿಟ್ಟುಕೊಂಡೆವು. ಮರದ ಜಾತಿ, ಅದು ನಿಂತ ಜಾಗ, ನೋಡಿದ ದಿನಾಂಕ, ಹೊತ್ತು, ಯಾವ ಹಕ್ಕಿಯ ಎಷ್ಟು ಗೂಡು, ಮರಿಗೆ ಗರಿ ಬಂದಿದೆಯೇ ಇಲ್ಲವೇ, ಆ ವರ್ಷ ಹಣ್ಣು ಇಳಿಸಿದರೇ, ಇಷ್ಟನ್ನು ಬರೆದು ಕೆಳಗೆ ಬರೆದವರ ಹೆಸರು ಹಾಕುವುದು.

ಹೊರಡುವ ಹೊತ್ತಿಗೆ ಊರಿನ ಹಿರಿಯರೊಬ್ಬರು ನಮ್ಮ ಹಾಳೆಗಳನ್ನು ನೋಡಿ, "ಇರೋ ಮರ ಬರ್ಕೊಂಡ್ರಿ, ಹೋದ ಮರ ಯಾರ್ ಬರ್ಕೊತಾರೆ, ಮೇಷ್ಟ್ರೇ?" ಎಂದು ಕೇಳಿದರು. ಮನೆ ಕಟ್ಟುವಾಗ ಕಡಿದವು, ಗಾಳಿಗೆ ಉರುಳಿದವು, ಹೀಗೆ ಒಂದೊಂದರ ಜಾಗವನ್ನೂ ಅವರು ನಡೆದು ತೋರಿಸಿದರು. ಕೆಲವೆಡೆ ಬುಡ ಮಾತ್ರ ಉಳಿದಿತ್ತು, ಕೆಲವೆಡೆ ಅದೂ ಇರಲಿಲ್ಲ. ಇಲ್ಲದ ಮರಗಳಿಗಾಗಿ ಬೇರೆಯೇ ಹಾಳೆಗಳನ್ನು ತೆರೆಯಬೇಕಾಯಿತು. ಹೊತ್ತು ಮುಳುಗುವವರೆಗೆ ಅವರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು.