ಸರಸ್ವತೀ ಭಂಡಾರಿಗಳು

ಹಾನಗಲ್ಲ ಸೀಮೆಯ ನಮ್ಮ ಹಳ್ಳಿಯಲ್ಲಿ, ನಾನು ಬಾಲಕನಾಗಿದ್ದಾಗ, ಊರಿಗೆಲ್ಲ ಸೇರಿದ ಪುಸ್ತಕಗಳಿದ್ದುದು ಒಂದೇ ಕಪಾಟಿನಲ್ಲಿ. ಅದು ಚಾವಡಿಯ ಮೂಲೆಯಲ್ಲಿ ನಿಂತಿತ್ತು. ಅದಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಬೀಗ. ಗಾಜಿನ ಹೊರಗೆ ನಿಂತು ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ಓದಿ ಓದಿ ನನಗವು ಬಾಯಿಪಾಠವಾಗಿದ್ದವು. ಒಳಗಿನ ಒಂದು ಹಾಳೆಯನ್ನೂ ಕಂಡವನಲ್ಲ. ಪುಸ್ತಕ ಕಳೆದರೆ ತಾವೇ ಹಣ ತುಂಬಿಕೊಡಬೇಕಾದೀತೆಂಬ ಅಂಜಿಕೆ ಬೀಗದ ಕೈ ಹಿಡಿದವರಿಗೆ. ಅದನ್ನು ಅವರ ತಪ್ಪೆಂದು ಇಂದು ನಾನು ಹೇಳಲಾರೆ. ಒಂದು ವರ್ಷ ಆ ಕೆಲಸ ಬೇರೊಬ್ಬರಿಗೆ ಬಂದಿತು. ಅವರು ಮೊದಲ ದಿನವೇ ಬಾಗಿಲು ತೆರೆದು, "ಕೈ ತೊಳಕೊಂಡು ಬಾ, ನಿನಗ ಯಾವುದು ಬೇಕೋ ತಗೋ" ಎಂದರು. ಕಪಾಟು ಅದೇ, ಪುಸ್ತಕಗಳೂ ಅವೇ. ಬದಲಾದುದು ಮನುಷ್ಯರು ಮಾತ್ರ. ಗ್ರಂಥಾಲಯವೆಂದರೇನೆಂಬ ಮೊದಲ ಪಾಠ ನನಗೆ ಅಂದು ದೊರೆಯಿತು.

ಈಚೆಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಸುತ್ತಾಡುವ ಪ್ರಸಂಗ ಬಂದಾಗ, ಹೋದ ಹೋದ ಊರಿನ ಗ್ರಂಥಾಲಯವನ್ನು ಹೊಕ್ಕು ನೋಡಿದೆ. ಹಳೆಯ ಪಾಠ ಮತ್ತೆ ನೆನಪಾಯಿತು.

1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಈ ನಾಡು ಅಕ್ಷರಕ್ಕೆ ಹೊಸದಲ್ಲ. ಹಿರೇಕೆರೂರು ತಾಲೂಕಿನ ಅಬಲೂರಿನ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ಎಂಟು ನೂರು ವರ್ಷಗಳಿಂದ ಕಾಯ್ದುಕೊಂಡು ಬಂದಿದೆ. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರ ತತ್ತ್ವಪದಗಳಿಗೆ, ಅವು ಅಚ್ಚಾಗುವವರೆಗೆ, ಭಜನಾ ಮೇಳಗಳ ನಾಲಗೆಯೇ ಭಂಡಾರವಾಗಿತ್ತು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಜನಿಸಿದರು. ಅದೇ ವರ್ಷ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ತಾಳೆಗರಿಯ ಕಟ್ಟುಗಳು ಕೂಡಿಬಂದವು. ಕಲ್ಲಾಗಲಿ, ನಾಲಗೆಯಾಗಲಿ, ಗರಿಯಾಗಲಿ, ಕಾಯುವವರಿದ್ದುದರಿಂದಲೇ ಇವೆಲ್ಲ ನಮ್ಮವರೆಗೆ ಬಂದವು.

ಕಾಯುವವರಿಗೆ ನಮ್ಮ ಹಿರಿಯರು ಯಾವ ಸ್ಥಾನ ಕೊಟ್ಟಿದ್ದರು? ಉತ್ತರಕ್ಕಾಗಿ ಕೊಂಚ ದೂರ, ಚಿತ್ತಾಪುರದ ಬಳಿಯ ನಾಗಾವಿಗೆ ಹೋಗಬೇಕು. ಅಲ್ಲಿಯ ಘಟಿಕಾಸ್ಥಾನವನ್ನು ಕುರಿತ 1058ರ ಚಾಲುಕ್ಯ ಶಾಸನವು ವೇದ ಕಲಿಯುವ 200 ವಿದ್ಯಾರ್ಥಿಗಳನ್ನೂ ಅವರ ಉಪಾಧ್ಯಾಯರನ್ನೂ ಹೆಸರಿಸುವುದರೊಡನೆ ಆರು ಮಂದಿ 'ಸರಸ್ವತೀ ಭಂಡಾರಿಗ'ರನ್ನೂ ಹೇಳುತ್ತದೆ. ಗ್ರಂಥಪಾಲಕರಿಗೆ ಕನ್ನಡ ನಾಡಿನಲ್ಲಿ ಸಂದ ಎಂಥ ಸುಂದರವಾದ ಹೆಸರು! ಬರಿಯ ಹೆಸರಲ್ಲ, ಉಪಾಧ್ಯಾಯರಿಗೆ ಇದ್ದಂತೆ ಅವರ ಜೀವನಕ್ಕೂ ಭೂಮಿಯಿತ್ತು.

ಒಂಬತ್ತು ಶತಮಾನಗಳ ಬಳಿಕ, 1965ರಲ್ಲಿ, ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಗ್ರಂಥಾಲಯ ಶಾಸ್ತ್ರಕ್ಕೆ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು 1957ರಿಂದ 1972ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನಲ್ಲಿಯೇ ನೆಲೆಸಿದ್ದರು. ಪುಸ್ತಕವಿರುವುದು ಬಳಕೆಗಾಗಿ, ಕಾವಲಿಗಾಗಿ ಅಲ್ಲ ಎಂಬುದು ಅವರ ವಿಚಾರದ ತಿರುಳು. ಕಾಯಿದೆಯಂತೆ ಮನೆ ಮಠಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನಾವು ತೆರುತ್ತೇವೆ. ಈಗ ಅದು ನೂರಕ್ಕೆ 6. ಹೀಗೆ ವಸೂಲಾದ ಹಣ ಗ್ರಂಥಾಲಯಕ್ಕೆ ತಲುಪದೆ ಸ್ಥಳೀಯ ಸಂಸ್ಥೆಗಳಲ್ಲಿ ಬಾಕಿ ಉಳಿಯುತ್ತದೆಂಬ ದೂರು ಹಳೆಯದು. ತೆರಿಗೆ ತೆತ್ತವನು ಲೆಕ್ಕ ಕೇಳಿದ್ದು ಮಾತ್ರ ವಿರಳ.

2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಮರುವರ್ಷ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಬಂದಿತು. ಹಲವೆಡೆ ಗೋಡೆಗಳು ಬಣ್ಣ ಕಂಡವು, ಗಣಕಯಂತ್ರಗಳು ಬಂದವು, 'ಅರಿವು ಕೇಂದ್ರ'ವೆಂಬ ಹೆಸರೂ ಬಂದಿತು. ಇದೆಲ್ಲ ಸಂತೋಷದ ಸಂಗತಿಯೇ. ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯಲ್ಲಿ ನೆಲದ ಮೇಲೆ ಸಾಲಾಗಿ ಕುಳಿತು ಓದುತ್ತಿದ್ದ ಮಕ್ಕಳನ್ನು ಕಂಡು ನನ್ನ ಗಾಜಿನ ಬಾಗಿಲು ನೆನಪಾಗಿ ಕಣ್ಣು ತೇವವಾಯಿತು.

ಆದರೆ ಹಿರೇಕೆರೂರಿನ ಕಡೆಯ ಇನ್ನೊಂದು ಊರಿನಲ್ಲಿ ಕಂಡುದನ್ನು ಹೇಳಬೇಕು. ಗೋವಿನಜೋಳದ ಹೊಲದ ರೈತರೊಬ್ಬರು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದರು. 2018ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಸೈನಿಕ ಹುಳು ಅವರ ಬೆಳೆಗೂ ಬಿದ್ದಿತ್ತು. ಮೊಬೈಲಿನಲ್ಲಿ ಔಷಧಗಳ ಹತ್ತು ಹೆಸರು ಕಂಡು ಯಾವುದನ್ನು ನಂಬಬೇಕೆಂದು ತಿಳಿಯದೆ ಬಂದಿದ್ದರು. ಮೇಲ್ವಿಚಾರಕಿಯು ಕಡತದಿಂದ ಕೃಷಿ ವಿಶ್ವವಿದ್ಯಾನಿಲಯದ ಕರಪತ್ರವೊಂದನ್ನು ತೆಗೆದು, ಬೆರಳಿಟ್ಟು, ಸಾವಕಾಶವಾಗಿ ಓದಿ ಹೇಳಿದಳು. ಆ ಕರಪತ್ರವನ್ನು ಅವಳೇ ತಾಲೂಕಿನ ಪೇಟೆಗೆ ಹೋದಾಗ ಕೇಳಿ ತಂದಿಟ್ಟಿದ್ದಳು. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರಿಗಾಗಿ ಕೊಂಡ ಮಾಸಪತ್ರಿಕೆಗೂ ಅವಳದೇ ಹಣ. ಪಗಾರದ ಮಾತು ತೆಗೆದಾಗ ಅವಳು ನಕ್ಕು, "ಬರತದರಿ, ಆದರ ತಿಂಗಳ ಲೆಕ್ಕದಾಗ ಬರೂದಿಲ್ಲ" ಎಂದಳು.

ಮೊಬೈಲು ಬಂದ ಮೇಲೆ ಗ್ರಂಥಾಲಯವೇಕೆ ಎನ್ನುವವರು ಆ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಬೇಕಾಗಿತ್ತು. ಮಾಹಿತಿ ಕಡಿಮೆಯಿದ್ದಾಗ ಅದನ್ನು ಕೂಡಿಡುವವರು ಬೇಕಾಗಿದ್ದರು. ಹೆಚ್ಚಾದಾಗ ಆರಿಸಿಕೊಡುವವರು ಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಅನೇಕ ದಶಕಗಳಿಂದ ಕಲಿಸುತ್ತ ಬಂದಿರುವ ಗ್ರಂಥಾಲಯ ವಿಜ್ಞಾನದ ಅರ್ಥ ಇದೇ ಅಲ್ಲವೆ? ಹೀಗಿದ್ದೂ ನಮ್ಮ ಸರಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರು ಅಪರೂಪ. ಪದವಿ ಪಡೆದ ತರುಣರು ಬೇರೆ ಉದ್ಯೋಗ ಅರಸುತ್ತಾರೆ. ಪುಸ್ತಕಗಳು ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನಲ್ಲಿರುತ್ತವೆ.

ಹಳ್ಳಿಯ ಗ್ರಂಥಾಲಯಕ್ಕೆ ಇನ್ನೂ ಒಂದು ಕೆಲಸವುಂಟು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಸುತ್ತಲಿನ ಹಳ್ಳಿಗಳ ಬೀಸುವ ಪದ, ಭಜನೆಯ ಪದಗಳನ್ನು ಊರ ಗ್ರಂಥಾಲಯವೇ ಬರೆದಿಟ್ಟರೆ ಎಷ್ಟು ಚೆನ್ನ! ಇದನ್ನೆಲ್ಲ ಮಾಡಬೇಕಾದವಳು ಅದೇ ಮೇಲ್ವಿಚಾರಕಿ. ಅವಳಿಗೆ ತರಬೇತಿ ಬೇಕು, ಸಂಸಾರ ಸಾಗುವಷ್ಟು ವೇತನ ಬೇಕು. ಕೂಲಿಯವರು ಹೊಲದಿಂದ ಮರಳುವ ಸಂಜೆಯಲ್ಲಿ ಬಾಗಿಲು ತೆರೆದಿಡಲು ಜೊತೆಗೊಬ್ಬರು ಬೇಕು.

ನಾಗಾವಿಯಲ್ಲಿ ಆರು ಮಂದಿ ಭಂಡಾರಿಗಳಿದ್ದರು. ನಮ್ಮ ಹಳ್ಳಿಗೆ ಅಷ್ಟು ಬೇಡ. ಇರುವ ಒಬ್ಬಳು, ಮುಂದಿನ ತಿಂಗಳ ಚಿಂತೆಯಿಲ್ಲದೆ, ಬಾಗಿಲಿಗೆ ಬಂದ ಹುಡುಗನನ್ನು "ಒಳಗ ಬಾ" ಎಂದು ಕರೆಯುವಂತಾಗಲಿ. ನನಗೆ ಅಂದು ದೊರೆತುದು ಅಷ್ಟೇ. ಜೀವಮಾನಕ್ಕೆ ಅದು ಸಾಕಾಯಿತು.